ಸ್ವೀಡನ್ನಿನ ಸಾಲಿನ ಮೊಳೆಗಳು

ನಮ್ಮಣ್ಣ ಓಸ್ಮೊನ ಬಲಗೈ ಮುರಿದವನು ನನ್ನ ಗಂಡ ರೇಯಿನೊ. ಕೋಟ್ಕಾ ಬಂದರಿನಲ್ಲಿ ಎಲ್ಲರಿಗೂ ಗೊತ್ತಿರುವ ಮಾತು, ಮುಚ್ಚಿಟ್ಟರೆ ಏನು ಬಂತು?

ನಾನು ಬಂದರಿನ ಕ್ಯಾಂಟೀನಿನಲ್ಲಿ ಬಟಾಣಿ ಸಾರು ಬಡಿಸುವವಳು. ಅವರಿಬ್ಬರೂ ಹಡಗಿಗೆ ಕಾಗದದ ಉರುಳೆ ಏರಿಸುವ ಕೂಲಿಗಳು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಣ್ಣನಿಗೊಂದು ಹುಚ್ಚು ಹತ್ತಿತು. ಪ್ರತಿ ಜನವರಿ, ಪತ್ರಿಕೆಯಲ್ಲಿ ಅಂಕಿ ಬಂದ ದಿನ, ಕ್ಯಾಂಟೀನಿನ ಮರದ ಗೋಡೆಗೆ ಎರಡು ಸಾಲು ಮೊಳೆ ಹೊಡೆಯುತ್ತಿದ್ದ. ಮೇಲಿನದು ನಮ್ಮ ದೇಶ ಆ ವರ್ಷ ಹೊರಗೆ ಕಳಿಸಿದ ಕಾಗದ, ಕೆಳಗಿನದು ನೆರೆಯ ಸ್ವೀಡನ್ನಿನವರು ಕಳಿಸಿದ್ದು. ಐವತ್ತು ಸಾವಿರ ಟನ್ನಿಗೆ ಒಂದು ಮೊಳೆ. ಮೊದಲ ವರ್ಷ ನಮ್ಮದು ಐದು, ಅವರದು ಹನ್ನೊಂದು.

"ಯುದ್ಧದಲ್ಲಿ ಅವರದೊಂದು ಗಾಜೂ ಒಡೀಲಿಲ್ಲ ಐಲಿ," ಎಂದು ನನಗೆ ಹೇಳುತ್ತಿದ್ದ. "ನಾವು ಇಬ್ರು ತಮ್ಮಂದಿರನ್ನ ಮಣ್ಣು ಮಾಡಿದ್ವಿ. ಮೇಲೆ ರಷ್ಯಾಕ್ಕೆ ದಂಡ ಬೇರೆ ಕಟ್ಟಿದ್ವಿ. ಆದ್ರೂ ನೋಡ್ತಿರು, ಹಿಂದೆ ಹಾಕ್ತೀವಿ!"

ಐವತ್ತೈದರ ಸಾಲಿನಲ್ಲಿ ಅಂತರ ಒಂದೇ ಮೊಳೆಗೆ ಇಳಿದಿತ್ತು. ಮುಂದಿನ ಮಾರ್ಚಿನಲ್ಲಿ ದೇಶವೆಲ್ಲ ಮುಷ್ಕರ ಹೂಡಿತು. ಲಂಡನ್ನಿಗೆ ಹೋಗಬೇಕಾದ ಹಡಗು ದಕ್ಕೆಯಲ್ಲೇ ನಿಂತಿತು. ಶನಿವಾರದೊಳಗೆ ಸರಕು ಹೊರಡದಿದ್ದರೆ ಸ್ವೀಡನ್ನಿನಿಂದ ತರಿಸುತ್ತೇವೆ ಎಂದು ಕೊಳ್ಳುವವರು ತಂತಿ ಕೊಟ್ಟರು. ಶುಕ್ರವಾರ ಬೆಳಗ್ಗೆ ಅಣ್ಣ ಮೂರು ಜನರನ್ನು ಕಟ್ಟಿಕೊಂಡು ಉರುಳೆ ಏರಿಸಲು ಹೋದ.

ಸುದ್ದಿ ಕೇಳಿ ನೂರಾರು ಮಂದಿ ಓಡಿದರು. ಮುಂದೆ ನನ್ನ ಗಂಡ, ಹಿಂದೆ ಕೈಯಲ್ಲಿದ್ದ ಸೌಟಿನ ಸಮೇತ ನಾನು.

"ಕೂಲಿ ಏರಿಸ್ಲಿ ಅಂತ ಜನ ಹಸಿದು ಕೂತಿದೀವಿ, ನೀನು ಧಣಿಗಳ ಕಾಗದ ಹೊರ್ತೀಯಾ ಭಾವ?"

"ಒಂದೇ ಮೊಳೆ ಕಣೋ ರೇಯಿನೊ, ಇನ್ನೊಂದೇ!"

"ನಿನ್ನ ಮೊಳೆಗಿಷ್ಟು ಬೆಂಕಿ ಹಾಕ! ನನ್ನ ಮಕ್ಕಳು ಮೊಳೆ ತಿಂತಾವಾ?"

ಅಣ್ಣನೇ ಮೊದಲು ಕೈ ಮಾಡಿದ್ದು. ರೇಯಿನೊನ ಎರಡು ಹಲ್ಲು ಉದುರಿದವು. ಆಮೇಲೆ ಜನ ಅಣ್ಣನನ್ನು ಮುಖ ಮೂತಿ ನೋಡದೆ ಒದ್ದರು. ಬಿಳಿ ಉರುಳೆಯ ಮೇಲೆ ರಕ್ತ ಚಿಮ್ಮಿತು. ನಾಲ್ವರು ಅಣ್ಣನ ತೋಳನ್ನು ಹಿಮಕ್ಕೆ ಒತ್ತಿ ಹಿಡಿದರು, ಉರುಳೆ ಮೀಟುವ ಕಬ್ಬಿಣದ ಸಲಾಕೆಯಿಂದ ರೇಯಿನೊ ಎರಡು ಏಟು ಹಾಕಿದ. ಮೂಳೆ ಮುರಿದ ಸದ್ದು ನನ್ನ ಕಿವಿಗೇ ಬಿತ್ತು. "ನಿನ್ನ ಕೈ ಸೇದಿಹೋಗ!" ಎಂದು ಕಿರುಚಿ ಸೌಟಿನಿಂದ ಗಂಡನ ತಲೆಗೆ ಬಾರಿಸಿದೆ. ಆ ಗಾಯದ ಗುರುತು ಇವತ್ತಿಗೂ ಇದೆ, ನನಗೇನೂ ಪಶ್ಚಾತ್ತಾಪವಿಲ್ಲ.

ಹಡಗು ಖಾಲಿ ಹೋಯಿತು. ಹತ್ತು ತಿಂಗಳು ಭಾವ-ಮೈದುನ ಮಾತಾಡಲಿಲ್ಲ. ನನಗೋ ಅತ್ತ ದರಿ, ಇತ್ತ ಪುಲಿ.

ಜನವರಿಯಲ್ಲಿ ಪತ್ರಿಕೆ ಹಿಡಿದು ಅಣ್ಣ ಬಂದ. ಎಡಗೈಯಲ್ಲಿ ಮೊಳೆ ಹಿಡಿದ. ಸೆಟೆದ ಬಲಗೈಗೆ ಸುತ್ತಿಗೆ ನಿಲ್ಲಲಿಲ್ಲ, ಮೂರು ಸಲ ನೆಲಕ್ಕೆ ಬಿತ್ತು. ಕ್ಯಾಂಟೀನೆಲ್ಲ ತಟ್ಟೆ ನೋಡುತ್ತ ಕುಳಿತಿತ್ತು. ರೇಯಿನೊ ಎದ್ದುಹೋಗಿ ಸುತ್ತಿಗೆ ಎತ್ತಿಕೊಂಡ.

"ನಮ್ಮದೆಷ್ಟು ಭಾವ?"

"ಹನ್ನೆರಡು. ಅವರದು ಹದಿನಾರು. ಮೊದಲು ಅವರದು ಹೊಡಿ."

"ಎರಡು ಕಮ್ಮಿ ಹೊಡೀಲಾ? ಯಾರು ಎಣಿಸ್ತಾರೆ?"

"ಲೆಕ್ಕ ಅಂದ್ರೆ ಲೆಕ್ಕ. ಹೊಡಿ. ಈ ಎಡಗೈಯನ್ನಾದ್ರೂ ಉಳಿಸು."

ಸಾರಿನ ಪಾತ್ರೆಯ ಮುಂದೆ ನಾನು ಗೊಳೋ ಎಂದು ಅತ್ತುಬಿಟ್ಟೆ. ಅಣ್ಣ ಹಿಡಿದ ಮೊಳೆಗಳನ್ನು ನನ್ನ ಗಂಡ ಒಂದೊಂದಾಗಿ ಹೊಡೆದ, ಆ ಹದಿನಾರರಲ್ಲಿ ಒಂದು ಮೊಳೆಯೂ ನೆಟ್ಟಗೆ ಹೋಗಲಿಲ್ಲ.