ಎಲ್ಲ ತಪ್ಪೂ ರಂಜಕದ್ದೇ?

ನಮ್ಮ ಕಾಕಾನಿಗೆ ಹೊಟ್ಟೆಯ ಕ್ಯಾನ್ಸರ್ ಬಂದದ್ದು ಕಾಕಿಯ ರಂಜಕದಿಂದ. ರಬಕವಿಯಿಂದ ಜಮಖಂಡಿಯವರೆಗೆ ನಮ್ಮ ಬಳಗದ ಯಾರನ್ನು ಕೇಳಿದರೂ ಇದೇ ಕತೆ. (ರಂಜಕ ಗೊತ್ತಲ್ಲ? ಹಣ್ಣು ಮೆಣಸಿನಕಾಯಿಗೆ ಬೆಳ್ಳುಳ್ಳಿ, ಉಪ್ಪು ಹಾಕಿ ರುಬ್ಬಿದ ಕೆಂಪು ಚಟ್ನಿ. ರೊಟ್ಟಿಯ ಪಕ್ಕ ಅದಿಲ್ಲದಿದ್ದರೆ ನಮ್ಮ ಕಡೆ ಅದು ಊಟವೇ ಅಲ್ಲ.)

ನನ್ನದೊಂದು ಪ್ರಶ್ನೆ. ಅದೇ ರಂಜಕವನ್ನು ಕಾಕಿಯೂ ಇಷ್ಟು ವರ್ಷ ತಿಂದಳಲ್ಲ, ಆಕೆಗೇಕೆ ಏನೂ ಆಗಲಿಲ್ಲ?

ಇದೇನು ಪುರಾವೆಯಲ್ಲ, ಗೊತ್ತು. ಆದರೆ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಹೀಗೆ ಕೇಳಿದರೆ ಚಪ್ಪಾಳೆಯಾದರೂ ಬೀಳುತ್ತಿತ್ತು. ನಮ್ಮ ಮನೆಯಲ್ಲಿ ಬೀಳುವುದು ಬೈಗುಳ.

ಕಳೆದ ಭಾನುವಾರ ಬನಹಟ್ಟಿಯಲ್ಲಿ ಕಾಕಾನ ಮಗಳ ಕುಬಸ. ಚೊಚ್ಚಲ ಬಸುರಿ, ಬಳಗವೆಲ್ಲ ಸೇರಿತ್ತು. ಕಾಕಾ ಅಂದರೆ ಅಪ್ಪನ ತಮ್ಮ, ಪಾವರ್‌ಲೂಮ್ ನಡೆಸುವವ. ಹೋದ ವರ್ಷ ಆಪರೇಷನ್ ಮಾಡಿ ಜಠರದ ಹೆಚ್ಚಿನ ಭಾಗ ತೆಗೆದಿದ್ದಾರೆ. ಈಗ ಆತನ ಊಟ ಹಕ್ಕಿಯ ಊಟ. ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ, ಅಗಿದು ಅಗಿದು. ಸಿಹಿ ಹೆಚ್ಚಾಯಿತೋ, ಮೈಯೆಲ್ಲ ಬೆವರು, ಎದೆ ಡವಡವ. ಇದನ್ನು ನಮ್ಮ ಪಂಕ್ತಿಗೆ ತಿಳಿಸಿ ಹೇಳುವವರು ಯಾರು? ಒತ್ತಾಯ ಮಾಡದೆ ಬಡಿಸಿದರೆ ಮರ್ಯಾದೆ ಹೋಗುವ ಊರು ನಮ್ಮದು.

"ಮಾಮಾ, ಇನ್ನೊಂದು ಹೋಳಿಗಿ!" ಬಡಿಸುತ್ತಿದ್ದ ಸೋದರಳಿಯನ ವರಾತ.

"ಬ್ಯಾಡೋ ಮಾರಾಯ, ಹಿಡ್ಸಂಗಿಲ್ಲ."

"ಮಗಳ ಕುಬಸದಾಗ ಬ್ಯಾಡ ಅಂತೀರಲ್ರೀ! ಅರ್ಧಾರ ತಗೊಳ್ರಿ."

ಕಾಕಾ ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದ. ಸೋದರಳಿಯ ನಗುತ್ತ ಕೈಗಳ ಮೇಲೆಯೇ ಹೋಳಿಗೆ ಇಟ್ಟು, ತುಪ್ಪ ಸುರಿದು ಮುಂದೆ ಹೋದ. ಬೆರಳ ಸಂದಿಯಿಂದ ತುಪ್ಪ ಇಳಿಯಿತು. ಇದು ಪ್ರೀತಿಯೇ? ಇರಬಹುದು. ಆದರೆ ಬೆವರುವವರು ಯಾರು?

ಪಕ್ಕದಲ್ಲಿ ಕೂತಿದ್ದ ಅಪ್ಪ ಜೋರಾಗಿ ಹೇಳಿದ: "ಎಲ್ಲಾ ನಮ್ಮ ತಮ್ಮನ ಹೆಂಡ್ತಿ ರಂಜಕದ ಪ್ರತಾಪರೀ! ಖಾರ ಹಾಕಿ ಹಾಕಿ ಗಂಡನ ಹೊಟ್ಟಿ ಸುಟ್ಲು."

ಪಂಕ್ತಿ ನಕ್ಕಿತು. ಸಾರಿನ ಬಕೆಟ್ ಹಿಡಿದು ನಿಂತಿದ್ದ ಕಾಕಿ ನಗಲಿಲ್ಲ. "ಹೌದ್ರಿ ಭಾವಾರ, ತಪ್ಪು ನಂದ" ಎಂದಳು. ಆಮೇಲೆ ಮುಂದಿನವರಿಗೆ ಸಾರು ಬಡಿಸಿದಳು.

ನನಗೆ ತಡೆಯಲಾಗಲಿಲ್ಲ. "ಅಪ್ಪಾ, ಡಾಕ್ಟರ್ ಮುಂದ ನೀನೂ ಕುಂತಿದ್ದೆಲ್ಲ? ಅವರು ರಂಜಕದ ಹೆಸರಾರ ತಗದ್ರೇನು?"

"ಬಂದ್ರು ನೋಡ್ರಿ ನಮ್ಮ ವಕೀಲರು!"

ಮತ್ತೆ ನಗು. ಹಾಗಾದರೆ ಡಾಕ್ಟರ್ ಹೇಳಿದ್ದೇನು? ಒಬ್ಬರಿಗೆ ಇದರಿಂದಲೇ ಬಂತು ಎಂದು ಬೆರಳಿಟ್ಟು ತೋರಿಸಲಾಗದು. ಜಠರದಲ್ಲಿ ವರ್ಷಗಟ್ಟಲೆ ಮನೆ ಮಾಡುವ ಒಂದು ಬ್ಯಾಕ್ಟೀರಿಯಾ ಇದೆ. ಅದಕ್ಕೆ ಟೆಸ್ಟೂ ಇದೆ, ಔಷಧವೂ ಇದೆ. ಅತಿಯಾದ ಉಪ್ಪು ಒಳ್ಳೆಯದಲ್ಲ. (ರಂಜಕದಲ್ಲಿ ಉಪ್ಪಿದೆ. ಒಪ್ಪಿದೆ, ಎದುರಾಳಿಗೆ ಒಂದು ಪಾಯಿಂಟ್.) ತಂಬಾಕು ಬಿಡಬೇಕು. ಕಾಕಾ ಬಲು ಬೀಡಿ ಸೇದುತ್ತಿದ್ದ, ಆದರೆ ಬೀಡಿಯನ್ನು ಯಾರೂ ಬೈಯುವುದಿಲ್ಲ. ಬೈಯುವವರ ಕಿಸೆಯಲ್ಲೂ ಅದೇ ಇದೆಯಲ್ಲ!

ಡಾಕ್ಟರ್ ಬೇಸರಪಟ್ಟದ್ದು ಇನ್ನೊಂದಕ್ಕೆ. ಎದೆ ಉರಿ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ, ದಿನದಿನಕ್ಕೂ ಇಳಿಯುವ ತೂಕ. ಇಷ್ಟಾದರೂ ಕಾಕಾ "ಪಿತ್ತ" ಎನ್ನುತ್ತ ಮೆಡಿಕಲ್ ಶಾಪಿನ ಗುಳಿಗೆ ನುಂಗುತ್ತ ಕಾಲ ಕಳೆದ. ಕೊನೆಗೆ ಅವರೊಂದು ಮಾತು ಹೇಳಿದ್ದರು: ಒಡಹುಟ್ಟಿದವರೂ ಒಮ್ಮೆ ತೋರಿಸಿಕೊಳ್ಳಿ, ಇಂಥ ತೊಂದರೆ ಇದ್ದರಂತೂ ತಡ ಮಾಡಬೇಡಿ.

ಈ ಮಾತು ಮಾತ್ರ ನಮ್ಮ ಬಳಗದಲ್ಲಿ ಯಾರಿಗೂ ನೆನಪಿಲ್ಲ. ಯಾಕೆ?

ಉತ್ತರ ಕೈ ತೊಳೆಯುವ ಜಾಗದಲ್ಲಿ ಸಿಕ್ಕಿತು. ಅಪ್ಪ ಗೋಡೆಯ ಕಡೆ ತಿರುಗಿ ಗುಲಾಬಿ ಗುಳಿಗೆಯೊಂದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದ.

"ಏನಪ್ಪಾ ಅದು?"

"ಏನಿಲ್ಲವ್ವಾ. ಹೋಳಿಗಿ ಜಾಸ್ತಿ ಆತು, ಪಿತ್ತ."

ಜಾಸ್ತಿ? ಆತನ ತಾಟು ನೋಡಿದ್ದೆ. ಒಂದು ಹೋಳಿಗೆಯಲ್ಲಿ ಅರ್ಧ ಹಾಗೇ ಉಳಿದಿತ್ತು.

"ಎಂಡೋಸ್ಕೋಪಿ ಮಾಡ್ಸೂಣು ನಡಿ."

"ಪೈಪ್ ನುಂಗಸ್ತಾರ, ನಾ ಒಲ್ಲೆ. ನಂಗ್ಯಾಕ ಬರತೈತಿ ಅದು? ನಿಮ್ಮವ್ವ ಮಾಡೂದು ಸಪ್ಪನ ಅಡಗಿ, ನಮ್ಮನ್ಯಾಗ ರಂಜಕಾನ ಇಲ್ಲಲ್ಲ!"

ಈಗ ತಿಳಿಯಿತೇ, ಈ ಕತೆ ಯಾರನ್ನು ಕಾಪಾಡುತ್ತಿದೆ ಎಂದು? ತಪ್ಪು ರಂಜಕದ್ದಾದರೆ ಅಣ್ಣ ಸೇಫ್. ಪೈಪಿಲ್ಲ, ಟೆಸ್ಟಿಲ್ಲ, ಹೆದರಿಕೆಯಿಲ್ಲ. ಅಷ್ಟಕ್ಕಾಗಿ ಒಬ್ಬ ಹೆಂಗಸು ತುಂಬಿದ ಪಂಕ್ತಿಯೆದುರು ತಪ್ಪೊಪ್ಪಿಕೊಳ್ಳಬೇಕು.

ಹಿಂದೆ ಕಾಕಾ ನಿಂತಿದ್ದ, ತುಪ್ಪದ ಕೈ ತೊಳೆಯಲು ಬಂದವ. ಅಪ್ಪನ ಕೈಯಲ್ಲಿದ್ದ ಗುಳಿಗೆ ಪಟ್ಟಿ ನೋಡಿದ.

"ಅಣ್ಣಾ, ನಾನೂ ಇದನ್ನ ನುಂಗ್ತಿದ್ನಿ."

ಅಪ್ಪ ಪಟ್ಟಿಯನ್ನು ಕಿಸೆಗೆ ಸೇರಿಸಿದ. "ನಡೀರಿ, ಬಸ್ ತಪ್ಪತೈತಿ" ಎಂದ. (ಬನಹಟ್ಟಿಯಿಂದ ಜಮಖಂಡಿಗೆ ಬಸ್ಸಿಗೇನು ಬರವೇ?)

ಅಪ್ಪಾ, ವಾರವಾಯಿತು, ಮನೆಯಲ್ಲಿ ಈ ಮಾತೆತ್ತಿದರೆ ನೀನು ಟಿವಿಯ ಸದ್ದು ಏರಿಸುತ್ತೀ. ಆದರೆ ಈ ಅಂಕಣ ಓದೇ ಓದುತ್ತೀ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ: ರಂಜಕವೇ ಇಲ್ಲದ ಮನೆಯಲ್ಲಿ ನಿನಗೆ ಆ ಗುಳಿಗೆ ಯಾಕೆ ಬೇಕು?