ಮೇಸ್ತ್ರಿ ಕೂರಿಸಿದ ಆಯಿಲ್ ಸೀಲು

ಮೇಸ್ತ್ರಿಯ ಕೆಳತುಟಿಯ ಮೇಲೆ ಯಾವಾಗಲೂ ಒಂದು ಕಪ್ಪು ಗೆರೆ ಇರುತ್ತಿತ್ತು. ಎಲೆಯಡಿಕೆಯದಲ್ಲ, ಗೇರ್ ಆಯಿಲಿನದು. ಕಾರಿನ ಹಿಂದಿನ ಚಕ್ರಕ್ಕೆ ಎಣ್ಣೆ ಸೋರದಂತೆ ತಡೆಯುವ ಬಳೆಯನ್ನು, ಅಂದರೆ ಆಯಿಲ್ ಸೀಲನ್ನು, ಕೂರಿಸುವ ಮೊದಲು ಅದರ ರಬ್ಬರ್ ಅಂಚನ್ನು ತುಟಿಗೆ ತಾಗಿಸಿ ಒಂದು ಸುತ್ತು ತಿರುಗಿಸಿ ನೋಡುವುದು ಅವರ ಪದ್ಧತಿ. ಕೂದಲೆಳೆಯಷ್ಟು ಸೀಳಿದ್ದರೂ ಗೊತ್ತಾಗುತ್ತಿತ್ತು. "ಬೆರಳು ಸುಳ್ಳು ಹೇಳ್ತದೆ ಡಾಕ್ಟ್ರೇ, ಸ್ಪ್ಯಾನರ್ ಹಿಡಿದು ಹಿಡಿದು ದಡ್ಡುಗಟ್ಟಿದೆ. ತುಟಿ ಹೇಳೂದಿಲ್ಲ" ಎನ್ನುತ್ತಿದ್ದರು.

ನಾನು ದನದ ಡಾಕ್ಟರು. ಎರಡು ಸಾವಿರದ ಇಸವಿ ದಾಟಿದ ಆ ವರ್ಷಗಳಲ್ಲಿ ಸೀತೂರಿನ ಸುತ್ತ ಕೊಟ್ಟಿಗೆಯಿಂದ ಕೊಟ್ಟಿಗೆಗೆ ತಿರುಗುತ್ತಿದ್ದೆ, ಮಾವನಿಂದ ಬಂದ ಹಳೆಯ ಅಂಬಾಸಿಡರಿನಲ್ಲಿ. ಅದನ್ನು ಮಾರಿ ಜೀಪು ತಗೊಳ್ಳಿ ಎಂದವರ ಮೇಲೆಲ್ಲ ನನಗೆ ಸಿಟ್ಟು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಆ ಕಾರನ್ನು ಮುಟ್ಟಲು ಕೊಪ್ಪದ ಈ ಮೇಸ್ತ್ರಿಯೊಬ್ಬರಿಗೇ ಅಪ್ಪಣೆ.

ಒಂದು ಮಳೆಗಾಲ ಕಳೆದ ಮೇಲೆ ಹಿಂದಿನ ಚಕ್ರಗಳನ್ನು ತಿರುಗಿಸುವ ಡಿಫರೆನ್ಷಿಯಲ್ ಗುಂಯ್‌ಗುಟ್ಟತೊಡಗಿತು. ಮೇಸ್ತ್ರಿ ಬಿಚ್ಚಿದರು. ಒಳಗಿನ ಆಯಿಲು ಹಾಲು ಹಾಕಿದ ಚಹದ ಬಣ್ಣಕ್ಕೆ ತಿರುಗಿತ್ತು. "ಹಳ್ಳ ದಾಟಿಸಿ ದಾಟಿಸಿ ನೀರು ಕುಡಿಸಿದ್ದೀರಿ ಮಾರಾಯ್ರೆ" ಎಂದು ಅದರ ಹಲ್ಲುಚಕ್ರಗಳನ್ನು ಮುಚ್ಚಿದ ಕಬ್ಬಿಣದ ಗೂಡಿನ, ಅಂದರೆ ಹೌಸಿಂಗಿನ, ನೆತ್ತಿಯ ಮೇಲಿದ್ದ ಸಣ್ಣ ತೂತನ್ನೂ ಅದರ ಮುಚ್ಚಳವನ್ನೂ ತೋರಿಸಿ, ಎರಡನ್ನೂ ತೊಳೆದಿಟ್ಟರು. ಹನ್ನೆರಡು ದಿನ ಕೂತು ಹಲ್ಲುಚಕ್ರ, ಬೇರಿಂಗ್ ಎಲ್ಲ ಹೊಸದು ಹಾಕಿದರು. ಕೊನೆಗೆ ಸೀಲುಗಳು. ತೆಂಗಿನ ಚಿಪ್ಪಿನೊಳಗೆ ಎಣ್ಣೆಯಲ್ಲಿ ನೆನೆಹಾಕಿ, ತುಟಿಗೆ ತಾಗಿಸಿ, ಮರದ ಬಿಲ್ಲೆಯಿಟ್ಟು ಸುತ್ತಲೂ ಸಮನಾಗಿ ಕುಟ್ಟಿದರು. ಸದ್ದು ಬದಲಾದೊಡನೆ ಸುತ್ತಿಗೆ ನಿಂತಿತು. "ಕೂತ. ಇನ್ನು ಇವನನ್ನು ಎಬ್ಬಿಸ್ಬಾರ್ದು."

ಹದಿನೈದು ದಿನಕ್ಕೆ ಚಕ್ರದಿಂದ ಎಣ್ಣೆ ಸೋರಿತು.

ಮೇಸ್ತ್ರಿ ನಂಬಲಿಲ್ಲ. ಬಿಚ್ಚಿ ಬೇರೆ ಸೀಲು ಹಾಕಿದರು. ಮತ್ತೆ ಸೋರಿತು. ಮೂರನೆಯ ಸಲ ತಾವೇ ಶಿವಮೊಗ್ಗದ ಬಸ್ಸು ಹತ್ತಿ ಹೋಗಿ, ಅಂಗಡಿಯ ರಾಶಿಯಲ್ಲಿ ಹುಡುಕಿ ಎರಡು ಆರಿಸಿ ತಂದರು. ಕೂರಿಸುವಾಗ ಕೇಳಿದರು: "ಡಾಕ್ಟ್ರೇ, ಹೌಸಿಂಗಿಗೆ ನೀವು ಎಂತಾದ್ರೂ ಮಾಡಿದ್ದುಂಟಾ?"

"ನಾನೆಂತ ಮಾಡ್ಲಿ? ನಾನು ದನದ ಡಾಕ್ಟ್ರು" ಎಂದು ರೇಗಿದೆ. ಸುಳ್ಳು ಹೇಳಬೇಕೆಂದಿರಲಿಲ್ಲ. ಮಾಡಿದ್ದು ನೆನಪಿಗೇ ಬರಲಿಲ್ಲ.

ಆ ಸಲವೂ ಸೋರಿತು. ಎಣ್ಣೆ ಬ್ರೇಕಿಗೆ ಇಳಿದು, ಬಾಳೆಹೊನ್ನೂರಿನ ಇಳಿಜಾರಿನಲ್ಲಿ ಕಾರು ನಿಲ್ಲದೆ ಚರಂಡಿಗೆ ಹೋಯಿತು. ನನ್ನ ಮೈಗೇನೂ ಆಗಲಿಲ್ಲ, ಬಾಯಿ ಮಾತ್ರ ಬಿಚ್ಚಿಕೊಂಡಿತು. ಮೇಸ್ತ್ರಿಯ ಕೈ ಹೋಯಿತು ಎಂದು ಹೋದ ಕೊಟ್ಟಿಗೆಯಲ್ಲೆಲ್ಲ ಹೇಳಿದೆ. ಡಾಕ್ಟರ ಮಾತು ಹಾಲಿನ ಕ್ಯಾನಿಗಿಂತ ಬೇಗ ಊರು ಸುತ್ತುತ್ತದೆ. ಕೊನೆಗೆ ಮೇಸ್ತ್ರಿಯ ಎದುರೇ ಹೇಳಿದೆ. ಅವರು ಜಗಳವಾಡಲಿಲ್ಲ. ಬಲಗೈಯನ್ನು ಮಗುಚಿ ಮಗುಚಿ ನೋಡಿಕೊಂಡರು. "ಇರ್ಬೋದು ಮಾರಾಯ್ರೆ. ನಂಗೆ ಗೊತ್ತಾಗ್ತಾ ಇಲ್ಲ. ತುಟಿಗೂ ವಯಸ್ಸಾಯ್ತೋ ಏನೋ." ಆಮೇಲೆ ಅವರು ಯಾವ ಗಾಡಿಯ ಡಿಫರೆನ್ಷಿಯಲ್ಲನ್ನೂ ಬಿಚ್ಚಲಿಲ್ಲ. ಪಂಕ್ಚರ್ ಹಾಕುತ್ತ ಕೂತರು.

ನಾನು ವಾರಕ್ಕೊಮ್ಮೆ ಬ್ರೇಕು ಒರೆಸಿಕೊಂಡು, ಬೈದುಕೊಂಡು ಓಡಿಸುತ್ತಿದ್ದೆ. ಕೆಲವು ತಿಂಗಳ ಮೇಲೆ ನೆಮ್ಮಾರಿನಿಂದ ಕರೆ ಬಂತು, ಅಲ್ಲಿಯ ಡಾಕ್ಟರು ರಜೆಯಲ್ಲಿದ್ದರು. ಹಸುವಿಗೆ ಹೊಟ್ಟೆಯುಬ್ಬರ. ಪಕ್ಕೆಗೆ ಕೊಳವೆ ಚುಚ್ಚಿದೆ, ಬುಸ್ಸೆಂದು ಗಾಳಿ ಹೊರಬಂತು. "ಗಾಳಿಗೆ ದಾರಿ ಬೇಕಮ್ಮ, ಇಲ್ಲದಿದ್ರೆ..." ಎಂದು ಮನೆಯಾಕೆಗೆ ಪಾಠ ಹೇಳುತ್ತಿದ್ದವನು ಅರ್ಧಕ್ಕೇ ನಿಂತೆ.

ಮೇಸ್ತ್ರಿ ತೋರಿಸಿದ ಆ ಸಣ್ಣ ತೂತು! ರಿಪೇರಿ ಮುಗಿದು ಕಾರು ಮನೆಗೆ ಬಂದ ವಾರದಲ್ಲೇ, ಇನ್ನು ಹಳ್ಳದ ನೀರು ಹೋಗದಿರಲಿ ಎಂದು ಅದರೊಳಗೆ ಹಲಸಿನ ಮೇಣ ಗಿಡಿದು, ಮೇಲೆ ಮುಚ್ಚಳ ಕೂರಿಸಿದವನು ನಾನೇ. ತೂತುಬಿದ್ದ ಕೊಡಕ್ಕೆ ಅಮ್ಮ ಮೆತ್ತುತ್ತಿದ್ದ ಹಾಗೆ. ಓಡಿ ಬಿಸಿಯಾದ ಹೌಸಿಂಗಿನ ಗಾಳಿ ಬೇರೆ ದಾರಿಯಿಲ್ಲದೆ ಎಣ್ಣೆಯನ್ನು ಸೀಲಿನಿಂದಾಚೆ ದೂಡುತ್ತಿತ್ತು. ಮೇಸ್ತ್ರಿಗೆ ಕಂಡದ್ದು ಮುಚ್ಚಳ ಮಾತ್ರ. ತಮ್ಮ ಕೈಯಾರೆ ತೊಳೆದ ತೂತನ್ನು ಅವರು ಯಾಕೆ ಅನುಮಾನಿಸಿಯಾರು? ಅಂಗಳದಲ್ಲೇ ಕಾರಿನಡಿಗೆ ನುಸುಳಿ ಮೇಣ ಕಿತ್ತೆ. ಅದೂ ಬುಸ್ಸೆಂದಿತು.

ನೆಟ್ಟಗೆ ಕೊಪ್ಪಕ್ಕೆ ಹೋದೆ. ಮೇಸ್ತ್ರಿಗೆ ಲಕ್ವ ಹೊಡೆದು ಎಂಟು ದಿನವಾಗಿತ್ತು. ಬಲಗೈ ಬಿದ್ದುಹೋಗಿತ್ತು, ಮಾತಿರಲಿಲ್ಲ. ತುಟಿ ತೊಳೆದು ಸ್ವಚ್ಛವಾಗಿತ್ತು. ನನಗೆ ನೋಡಲಾಗಲಿಲ್ಲ. ಕಿವಿಯ ಹತ್ತಿರ ಬಾಗಿ ಎಲ್ಲ ಹೇಳಿದೆ, ಎರಡು ಸಲ ಹೇಳಿದೆ. ಮೇಣದ ಉಂಡೆಯನ್ನು ಅವರ ಎಡಗೈಯಲ್ಲಿಟ್ಟೆ. ಅವರು ಅದನ್ನು ಮೆಲ್ಲಗೆ ತುಟಿಯ ಹತ್ತಿರ ಒಯ್ದರು. ನುಂಗಿಬಿಡುತ್ತಾರೆಂದು ಹೆದರಿದ ಅವರ ಹೆಂಡತಿ, "ಎಂತದು ಕೊಟ್ರಿ ಡಾಕ್ಟ್ರೇ!" ಎಂದು ಕಿತ್ತುಕೊಂಡು ಕಿಟಕಿಯಾಚೆ ಎಸೆದರು.

ಮೇಸ್ತ್ರಿಗೆ ಅರ್ಥವಾಯಿತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಮೂರು ದಿನಕ್ಕೆ ತೀರಿಕೊಂಡರು.

ಅಂದಿನಿಂದ ಹೋದ ಕೊಟ್ಟಿಗೆಯಲ್ಲೆಲ್ಲ ಹೇಳುತ್ತಿದ್ದೇನೆ, ತಪ್ಪು ನನ್ನದು, ಮೇಸ್ತ್ರಿಯ ಕೈ ಸರಿಯಾಗಿಯೇ ಇತ್ತು ಎಂದು. ಚಕ್ರ ತೋರಿಸುತ್ತೇನೆ. ಅವರು ಮೂರನೆಯ ಸಲ ಕೂರಿಸಿದ ಸೀಲುಗಳೇ ಈಗಲೂ ಇವೆ, ಒಂದು ತೊಟ್ಟೂ ಸೋರುವುದಿಲ್ಲ. ನನ್ನ ಮೊದಲಿನ ಮಾತನ್ನು ಒಂದೇ ಸಲಕ್ಕೆ ನಂಬಿದ ಜನ ಇದನ್ನು ನಂಬುವುದಿಲ್ಲ. ಮೊನ್ನೆ ಸೀತೂರಿನ ಅಜ್ಜಿಯೊಬ್ಬರು ಎಲ್ಲವನ್ನೂ ಕೇಳಿ, ಹಾಲಿನ ಚೊಂಬು ಕೆಳಗಿಟ್ಟು ನನಗೆ ಕೈಮುಗಿದರು.

"ಸತ್ತೋರ ಮರ್ಯಾದೆ ಉಳಿಸ್ಲಿಕ್ಕೆ ತಪ್ಪನ್ನು ನಿಮ್ಮ ಮೇಲೆ ಹಾಕ್ಕೊಳ್ತೀರಲ್ಲ, ಇಂಥಾ ದೊಡ್ಡ ಗುಣ ಯಾರಿಗುಂಟು ಡಾಕ್ಟ್ರೇ" ಎಂದರು.