ಬಾಗಿಲಿಗೆ ಅಡ್ಡ ಇಟ್ಟ ಹಲ್ಲು

ಮಗು ಕಲ್ಲು ಕಚ್ಚಿತೆಂಬ ಚಿಂತೆ ಮಾರಿಲೂವಿನ ತಲೆಯಿಂದ ಮೂರು ದಿನವಾದರೂ ಇಳಿಯಲಿಲ್ಲ. ಕಲ್ಲಾದರೂ ಎಂಥದ್ದು! ತೊಂಬತ್ತು ಲಕ್ಷ ವರ್ಷದ ಹಿಂದೆ, ಒಕುಕಾಹೆ ಊರಿನ ಈ ಮರಳುಗಾಡು ಸಮುದ್ರವಾಗಿದ್ದಾಗ ಈಜಾಡಿ, ಈಗ ಅಳಿದುಹೋಗಿರುವ ತಿಮಿಂಗಿಲದ ಹಲ್ಲು. ಇಂದಿನ ಸ್ಪರ್ಮ್ ತಿಮಿಂಗಿಲದ ದಾಯಾದಿಯಂತೆ. ಒಂದೂವರೆ ಗೇಣು ಉದ್ದ. ಮರಳುಗಾಳಿಗೆ ಬಾಗಿಲು ಬಡಿಯದಿರಲೆಂದು ಅತ್ತೆ ಎರ್ಲಿಂಡಾ ಅದನ್ನು ಅಡ್ಡ ಇಡುತ್ತಿದ್ದರು.

ಹನ್ನೊಂದು ತಿಂಗಳ ಮಗಳು ನಯೆಲಿ ಅಂಬೆಗಾಲಿಟ್ಟು ಹೋಗಿ ಅದಕ್ಕೆ ಬೋಡುಬಾಯಿ ಹಾಕಿದ್ದಳು. ರಾಜಧಾನಿ ಲಿಮಾದಲ್ಲಿ ಓದಿ ಬಂದ, ಕುದಿಸಿದ ನೀರನ್ನೇ ಮತ್ತೆ ಕುದಿಸುವ ಮಾರಿಲೂ ಮಗುವಿನ ಬಾಯನ್ನು ನಾಲ್ಕು ಸಲ ತೊಳೆದಳು. ಆಮೇಲೆ ಹಲ್ಲನ್ನೂ ತಿಕ್ಕಿದಳು. ಇಷ್ಟು ಲಕ್ಷ ವರ್ಷದಲ್ಲಿ ಅದು ಬ್ರಶ್ ಕಂಡದ್ದು ಅದೇ ಮೊದಲು. ಔಷಧಿ ಅಂಗಡಿಯವನು ಪ್ರಾಣಿ ಸತ್ತು ಎಷ್ಟು ದಿನವಾಯಿತೆಂದು ಕೇಳಿದ. ಹೇಳಿದಳು. ಔಷಧಿ ಕೊಡದೆ, ಅವಳಿಗೇ ಒಂದಿಷ್ಟು ಮಲಗಲು ಹೇಳಿ ಕಳಿಸಿದ.

“ನಿನ್ನ ಗಂಡಾನೂ ಅದನ್ನ ಕಚ್ಚೇ ಬೆಳೆದಿದ್ದು, ಮಗಳೇ,” ಎಂದರು ಅತ್ತೆ.

“ಅದಕ್ಕೇ ಅವರ ಮುಂದಿನ ಹಲ್ಲು ಮುರಿದಿರೋದು.”

“ಅದು ಮುರಿದಿದ್ದು ನಿಮ್ಮ ಮದುವೇಲಿ ಕುಡಿದು ಬಿದ್ದಾಗ. ನೀನೂ ಅಲ್ಲೇ ಇದ್ಯಲ್ಲ.”

ಅದರಿಂದ ಮಗುವಿಗೆ ಕೇಡೋ ಅಲ್ಲವೋ, ಹೇಳಬಲ್ಲವರು ವಸ್ತುಸಂಗ್ರಹಾಲಯದ ನೋರ್ಕಾ ಮೇಡಂ ಒಬ್ಬರೇ. ಹೋದ ವರ್ಷ ಆಕೆ ಮನೆಮನೆಗೆ ಬಂದು, ಹಳೆಯ ಮೂಳೆ, ಹಲ್ಲು ದೇಶದ ಆಸ್ತಿ, ಇದ್ದರೆ ತಿಳಿಸಿ ಎಂದು ನಂಬರು ಕೊಟ್ಟಿದ್ದರು. ನಮ್ಮಲ್ಲೇನೂ ಇಲ್ಲವೆಂದು ಘನವಾಗಿ ಹೇಳಿದವಳು ಮಾರಿಲೂ. ಮೇಡಂ ಎಡವದಿರಲೆಂದು ಈ ಹಲ್ಲನ್ನೇ ಕಾಲಿನಿಂದ ಪಕ್ಕಕ್ಕೆ ತಳ್ಳಿದವಳೂ ಅವಳೇ. ಓದಿದವಳಿಗೆ ಅದು ಕಲ್ಲು. ಹಲ್ಲೆಂದು ಅತ್ತೆಗೆ ಗೊತ್ತಿತ್ತು, ಬಾಯಿ ಬಿಟ್ಟಿರಲಿಲ್ಲ. ಮಗು ಕಚ್ಚಿದ ದಿನವೇ ನಗುತ್ತಾ ಹೇಳಿದ್ದು.

ಫೋನು ಮಾಡಿದರೆ ಹಲ್ಲು ಹೋಗುತ್ತದೆ. ತಪ್ಪಿಹೋದ ಮೇಕೆ ಹುಡುಕಲು ಹೋದ ಮಾವ ಮೇಕೆಯ ಬದಲು ಹೊತ್ತು ತಂದದ್ದು ಅದು. ಮಾವ ತೀರಿಕೊಂಡ ಮೇಲೆ ಅತ್ತೆ ಬೆಳಗ್ಗೆ ಎದ್ದು ಮೊದಲು ಸವರುವುದು ಅದನ್ನೇ. ಮಾರಿಲೂ ನಂಬರು ಒತ್ತುವುದು, ಅಳಿಸುವುದು, ಮೂರು ದಿನ ಇದೇ ಆಯಿತು.

ಕಾಳು ಸುಲಿಯುತ್ತಾ ಕೂತಿದ್ದ ಅತ್ತೆ ಕೊನೆಗೆ ಅಂದರು: “ಮಾಡಮ್ಮ ಫೋನು. ಒಯ್ದ್ರೆ ಒಯ್ಯಲಿ. ಬಾಗಿಲಿಗೆ ನಿನ್ನನ್ನೇ ಕೂರಿಸ್ತೀನಿ. ಹೇಗೂ ಅಲ್ಲೇ ನಿಂತು ಚಿಂತೆ ಮಾಡ್ತಿರ್ತೀಯ.” ಒಂದು ಕೈ ಮಾತ್ರ ಹಲ್ಲಿನ ಮೇಲೆ ಹೋಗಿ ನಿಂತಿತ್ತು.

ಮಾರಿಲೂ ಈ ಸಲ ಅಳಿಸಲಿಲ್ಲ.

“ನೋರ್ಕಾ ಮೇಡಂ, ನಾನು ಒಕುಕಾಹೆಯ ಮಾರಿಲೂ. ಹೋದ ವರ್ಷ ನಿಮ್ಮ ಕಾಲಿಗೆ ಅಡ್ಡ ಅಂತ ಒಂದು ಕಲ್ಲು ಸರಿಸಿದ್ದೆ, ನೆನಪಿದ್ಯಾ? ಅದು ಹಲ್ಲು. ಬಂದು ತಗೊಂಡು ಹೋಗಿ, ನಮ್ಮತ್ತೆ ಒಪ್ಪಿದಾರೆ. ಆದ್ರೆ ಮೊದ್ಲು ಇದೊಂದು ಹೇಳಿ, ಅದನ್ನ ಕಚ್ಚಿದ್ರೆ ಮಗೂಗೆ ಏನಾದ್ರೂ ಆಗುತ್ತಾ?”